ರೈಲು ಮಾದರಿಯ ಪುಟ್ಟ ಪೀಪಾಯಿ, ಪೆಟ್ಟಿಗೆಗಳು ಹಳೆಯದಾಗಿ ಕಾಣುವಂತೆ ಬಣ್ಣ ಹಚ್ಚುವುದು ಹೇಗೆ?

1:87 ಅಳತೆಯಲ್ಲಿ (ನಿಜ ಗಾತ್ರದ 87ರಲ್ಲಿ ಒಂದು ಪಾಲು) ಎಣ್ಣೆ ಪೀಪಾಯಿಯ ಎತ್ತರ ಸುಮಾರು ಒಂದು ಸೆಂಟಿಮೀಟರ್. ಬೆರಳಲ್ಲಿ ಹಿಡಿದು ಬಣ್ಣ ಹಚ್ಚಲಾಗದು. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಐಸ್‌ಕ್ರೀಮ್ ಕಡ್ಡಿಗೆ ಎರಡೂ ಬದಿ ಅಂಟುವ ಟೇಪ್ ಹಾಕಿ ಅದರ ಮೇಲೆ ಸಾಲಾಗಿ ನಿಲ್ಲಿಸಿ. ಮೊದಲು ಬೂದು ಪ್ರೈಮರ್ (ಬಣ್ಣ ಹಿಡಿಯಲು ಹಚ್ಚುವ ತಳಪದರ), ಆಮೇಲೆ ತೆಳುವಾಗಿ ಹೊಳಪಿಲ್ಲದ ಅಕ್ರಿಲಿಕ್ ಬಣ್ಣ. ಅಚ್ಚ ಕಪ್ಪು ಮಾತ್ರ ಬೇಡ: ಇಷ್ಟು ಸಣ್ಣ ವಸ್ತುವಿನಲ್ಲಿ ಅದು ಉಬ್ಬುತಗ್ಗುಗಳನ್ನೆಲ್ಲ ನುಂಗಿಬಿಡುತ್ತದೆ. ಕಡು ಬೂದು ಸಾಕು.

ಜೀವ ಬರುವುದು ಇನ್ನು ಮುಂದೆ. ತೀರಾ ನೀರಾಗಿಸಿದ ಕಂದು ಬಣ್ಣವನ್ನು ಹರಿಯಬಿಟ್ಟರೆ ಸಂದುಗಳಲ್ಲಿ ಇಳಿದು ನಿಲ್ಲುತ್ತದೆ. ಒಣಗಿದ ಮೇಲೆ, ತಿಳಿ ಬಣ್ಣದಲ್ಲಿ ಅದ್ದಿ ಬಹುಪಾಲು ಒರೆಸಿದ ಕುಂಚದಿಂದ ಅಂಚುಗಳನ್ನು ಸವರಿ. ತುಕ್ಕಿಗೆ ಒಣ ಪ್ಯಾಸ್ಟೆಲ್ ಕಡ್ಡಿಯ ಪುಡಿ (ಎಣ್ಣೆ ಪ್ಯಾಸ್ಟೆಲ್ ಅಲ್ಲ), ಅದೂ ನೀರು ನಿಲ್ಲುವ ಬುಡ ಮತ್ತು ಅಂಚುಗಳಲ್ಲಷ್ಟೇ. ಕೊನೆಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸಿಂಪಡಿಸಿದಾಗ ಪುಡಿ ಮಂಕಾಗುವುದರಿಂದ ಸ್ವಲ್ಪ ಧಾರಾಳವಾಗಿಯೇ ಹಚ್ಚಿರಿ.