ರೆಗ್ಯುಲೇಟರ್ ಬಿಚ್ಚಿದ ಸದ್ದು

ಪ್ರಿಯ ಬರಹಗಾರರಿಗೆ,

ತೀರ್ಥಹಳ್ಳಿಯಿಂದ ನೀವು ಕಳಿಸಿದ ಚಿತ್ರಕತೆಯನ್ನು ಎರಡು ಸಲ ಓದಿದೆ. ಒಂದು ಕಡೆ ನಿಲ್ಲದ ತಾಯಿ, ಅವಳ ಹಿಂದೆ ಚೀಲ ಹೊತ್ತು ನಡೆಯುವ ಹತ್ತನೇ ಕ್ಲಾಸಿನ ಮಗಳು. ಎರಡು ವರ್ಷದಲ್ಲಿ ನಾಲ್ಕು ಮನೆ: ಹೊಸನಗರ, ಸಾಗರ, ತೀರ್ಥಹಳ್ಳಿ, ಕೊನೆಗೆ ಶಿವಮೊಗ್ಗ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ಒಂದು ಸಾಲು ಬರೆದು ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ 17ನೇ ಪುಟ.

ಆ ಪುಟದಲ್ಲಿ ರಾತ್ರಿ. ಕರೆಂಟ್ ಹೋಗಿದೆ. ಮಗಳು ಚಾಪೆ ಮೇಲೆ ಮಲಗಿದ್ದಾಳೆ. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿದ ಸದ್ದು. ಟಕ್. ಹುಡುಗಿ ಎದ್ದು ಕೂರುತ್ತಾಳೆ. ಅಮ್ಮನನ್ನು ಏನೂ ಕೇಳುವುದಿಲ್ಲ. ಚಾಪೆ ಸುತ್ತುತ್ತಾಳೆ. ಪುಸ್ತಕ ಜೋಡಿಸುವ ಕೆಲಸ ಅವಳಿಗಿಲ್ಲ, ಯಾಕಂದ್ರೆ ಈ ಮನೆಗೆ ಬಂದಮೇಲೆ ಅವು ಅಕ್ಕಿಚೀಲದಿಂದ ಹೊರಗೆ ಬಂದೇ ಇಲ್ಲ.

ಇಲ್ಲಿಗೆ ಬಂದಾಗ ನಾನು ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಈ ಹುಡುಗಿ ಎಷ್ಟು ಮನೆ ಬಿಟ್ಟಿದ್ದಾಳೆ, ಎಷ್ಟು ಸಲ ಕೇಳಿ ಸುಮ್ಮನಾಗಿದ್ದಾಳೆ, ಎಲ್ಲ ಅದರಲ್ಲೇ ಇದೆ. ಒಂದು ಮಾತೂ ಇಲ್ಲ. ಆದರೆ ಮುಂದಿನ ಪುಟದಲ್ಲೇ ನೀವು ಅವಳ ಬಾಯಿ ಬಿಡಿಸಿದ್ದೀರಿ. "ಅಮ್ಮಾ, ನಾವ್ಯಾಕೆ ಒಂದೇ ಕಡೆ ನಿಲ್ಲಲ್ಲ?" ತಾಯಿ ಅಳುತ್ತಾಳೆ. ಗಂಡ ಕುಡಿದು ಬಂದು ಹೊಡೆಯುತ್ತಿದ್ದ ಫ್ಲ್ಯಾಶ್‌ಬ್ಯಾಕ್ ಶುರುವಾಗುತ್ತದೆ. ಆರು ಪುಟ! ಚಿತ್ರಕತೆಯ ಒಂದು ಪುಟ ಅಂದ್ರೆ ತೆರೆ ಮೇಲೆ ಹೆಚ್ಚುಕಮ್ಮಿ ಒಂದು ನಿಮಿಷ. ಆರು ನಿಮಿಷ ನಾವು ಆ ಗಂಡಸನ್ನು ನೋಡುತ್ತಾ ಕೂರಬೇಕು. ಅಂಥವನನ್ನು ಸಿನಿಮಾದಲ್ಲಿ ಬೇಕಾದಷ್ಟು ಸಲ ನೋಡಿದ್ದೇವೆ. ಚಾಪೆ ಸುತ್ತುವ ಈ ಹುಡುಗಿಯನ್ನು ನೋಡಿಲ್ಲ. ಆ ಆರು ಪುಟ ತೆಗೆದುಬಿಡಿ. ಪೂರ್ತಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ತಾಯಿ ತಾನಾಗಿ ಮನೆ ಬಿಡುತ್ತಾಳೋ, ಅವಳನ್ನು ಬಿಡಿಸುತ್ತಾರೋ? ನಿಮ್ಮ ಬರಹದಲ್ಲಿ ಎರಡೂ ಕಲಸಿಹೋಗಿದೆ. ಹೊಸನಗರದಲ್ಲಿ ಮನೆ ಓನರ್ "ಯಜಮಾನ್ರು ಎಲ್ಲಿದಾರೆ?" ಅಂತ ಕೇಳಿ ಕೇಳಿ ಓಡಿಸುತ್ತಾನೆ. ಸಾಗರದಲ್ಲಿ ಯಾರೂ ಏನೂ ಅಂದಿಲ್ಲ, ಅವಳಿಗೇ ಬೇಜಾರು. ತೀರ್ಥಹಳ್ಳಿಯಲ್ಲಿ ಪಕ್ಕದ ಮನೆಯವರ ಚಾಡಿ. ನಾನು ಬೆಳೆದ ವಠಾರದಲ್ಲೂ ಮಗಳನ್ನು ಕಟ್ಟಿಕೊಂಡು ಒಬ್ಬ ಹೆಂಗಸು ಬಾಡಿಗೆಗಿದ್ದರು. ಒಂಬತ್ತು ತಿಂಗಳಿಗೆ ಮನೆ ಖಾಲಿ ಮಾಡಿದರು. "ಅವಳಿಗೆ ಒಂದು ಕಡೆ ನಿಂತು ಗೊತ್ತಿಲ್ಲ" ಅಂತ ವಠಾರವೇ ಮಾತಾಡಿತು. ಆದರೆ ನಲ್ಲಿ ಹತ್ತಿರ ಅವರ ಕೊಡ ಯಾವಾಗಲೂ ಕೊನೆಗೆ ಇರುತ್ತಿತ್ತು. ಅದನ್ನು ನೋಡಿದವರಲ್ಲಿ ನಾನೂ ಒಬ್ಬ. ಆಗ ಚಿಕ್ಕವನು, ಏನೂ ಅನ್ನಿಸಲಿಲ್ಲ. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಿಮ್ಮ ತಾಯಿಯ ಚಡಪಡಿಕೆ ಅವಳದ್ದೇ ಆಗಿದ್ದರೆ, ಮುಂದಿನ ಊರಿನಲ್ಲಿ ಅವಳಿಗೆ ಏನು ಕಾಣುತ್ತದೆ ಅನ್ನೋದನ್ನು ನಮಗೂ ತೋರಿಸಿ. ಅವಳನ್ನು ಓಡಿಸುತ್ತಿದ್ದರೆ, ಅದನ್ನು ಚಡಪಡಿಕೆ ಅಂತ ಕರೆಯಬೇಡಿ. ಎರಡೂ ಇದ್ದರೆ ಇನ್ನೂ ಒಳ್ಳೆಯದು. ಆದರೆ ಯಾವ ಮನೆ ಯಾವುದು ಅನ್ನೋದು ನಿಮಗಾದರೂ ಗೊತ್ತಿರಬೇಕು.

ಲಾಂಚಿನ ದೃಶ್ಯದಲ್ಲಿ ಇದು ನಿಮಗೆ ಗೊತ್ತಿತ್ತು ಅನ್ನಿಸುತ್ತದೆ. ಸಾಗರದಿಂದ ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತುತ್ತಾರೆ. ಬಸ್ಸು, ಜೀಪು, ಬೈಕು, ಜನ ಎಲ್ಲ ಒಟ್ಟಿಗೆ. ತಾಯಿ ಕಂಬಿ ಹಿಡಿದು ಹಿನ್ನೀರು ನೋಡುತ್ತಾ ಮೊದಲ ಸಲ ನಗುತ್ತಾಳೆ. ಮಗಳು ನೀರನ್ನು ನೋಡುವುದಿಲ್ಲ, ಅಮ್ಮನ ಮುಖ ನೋಡುತ್ತಾಳೆ. ಚೆನ್ನಾಗಿದೆ, ಕೈ ಹಾಕಬೇಡಿ. ಒಂದೇ ಮಾತು: ಅಲ್ಲಿ 2025ರ ಜುಲೈನಲ್ಲಿ ಸೇತುವೆ ಆಗಿದೆ. ನಿಮ್ಮ ಕತೆ ಅದಕ್ಕೂ ಹಿಂದಿನದು ಅಂತ ಎಲ್ಲಾದರೂ ಕಾಣಿಸಿ. ಅಜ್ಜಿ ಒಂದು ಕಡೆ "ನಮ್ಮ ಮನೆ ಆ ನೀರಿನಡಿ ಇದೆ" ಅನ್ನುತ್ತಾಳಲ್ಲ, ಅದನ್ನೂ ಹಾಗೇ ಬಿಡಿ. ಆ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ಮುಳುಗಡೆ ಅಂದ್ರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ತಾಯಿ ಅಲೆಯುವುದಕ್ಕೆ ಅದೇ ಕಾರಣ ಅಂತ ಗಂಟು ಹಾಕಲು ಮಾತ್ರ ಹೋಗಬೇಡಿ.

ಕೆಲವು ತಪ್ಪುಗಳು ನಮ್ಮ ಕಡೆಯವರಿಗೆ ತಕ್ಷಣ ಗೊತ್ತಾಗುತ್ತವೆ. ಜುಲೈ ಮಳೆಯಲ್ಲಿ ತಾಯಿ ಅಡಿಕೆ ಸುಲಿಯಲು ಹೋಗುತ್ತಾಳೆ. ಆಗ ಎಲ್ಲಿಯ ಸುಲಿತ? ಆಗ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವ ಗಡಿಬಿಡಿ. ಅಡಿಕೆ ಗೊನೆ ಇಳಿಸುವುದು ಮಳೆ ಹಿಂದೆ ಸರಿದ ಮೇಲೆ. ಅದೇ ಜುಲೈನಲ್ಲಿ ಅವರು ಆಗುಂಬೆಯಲ್ಲಿ ಸೂರ್ಯ ಮುಳುಗುವುದನ್ನು ನೋಡುತ್ತಾರೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರದು. ಜುಲೈನಲ್ಲಿ ಅಲ್ಲಿ ಎದುರಿನ ಮರವೂ ಕಾಣುವುದಿಲ್ಲ.

ಸುಲಿಯುವ ದೃಶ್ಯ ಮಾತ್ರ ಬಿಡಬೇಡಿ, ಚಳಿಗಾಲಕ್ಕೆ ತನ್ನಿ. ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತ ಹೆಂಗಸರು, ನಡುರಾತ್ರಿವರೆಗೆ ಮಾತು, ನಗು. ಅವಳಿಗೆ ಅಲ್ಲಿ ಸಂತೋಷ ಇರಬಹುದು, ಯೋಚಿಸಿ. ಹಸಿ ಅಡಿಕೆಯ ಚೊಗರು ಹೆಬ್ಬೆರಳಿಗೂ ತೋರುಬೆರಳಿಗೂ ಹತ್ತಿ ಕಪ್ಪಾಗುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದೇ ಬೆರಳಿನಲ್ಲಿ ಅವಳು ಶಾಲೆಯಲ್ಲಿ ಟಿಸಿ ಅರ್ಜಿಗೆ ಸಹಿ ಹಾಕಲಿ. ಇನ್ನೊಂದು ವಿಷಯ, ನಿಮ್ಮ ತಾಯಿಗೆ ಹೆಸರೇ ಇಲ್ಲ. ಮಗಳಿಗೆ ಅಮ್ಮ, ಓನರಿಗೆ "ಏನಮ್ಮಾ", ಪಕ್ಕದವರಿಗೆ "ಆ ಗಂಡ ಬಿಟ್ಟವಳು". ಬೇಕಂತಲೇ ಮಾಡಿದ್ದಾದರೆ ಸಂತೋಷ. ಹಾಗಾದರೆ ಆ ಅರ್ಜಿಯ ಮೇಲೆ ಅವಳ ಹೆಸರನ್ನು ನಾವು ಮೊದಲ ಸಲ ಓದೋಣ. ಅವಳ ಕೈಬರಹದಲ್ಲೇ.

ಟಿಸಿ ಅಂದೆನಲ್ಲ, ನಿಮ್ಮ ಕತೆಯ ದೊಡ್ಡ ಗಂಟು ಅಲ್ಲೇ ಇದೆ. ನೀವು ಗಮನಿಸಿಲ್ಲ. ಮಗಳು ಎಸ್ಸೆಸ್ಸೆಲ್ಸಿ. ಚಳಿಗಾಲದಲ್ಲಿ ತೀರ್ಥಹಳ್ಳಿ ಬಿಟ್ಟು ಶಿವಮೊಗ್ಗಕ್ಕೆ ಹೋಗುತ್ತಾರೆ, ಮಗಳು ಏನೂ ಆಗಿಲ್ಲ ಅನ್ನುವ ಹಾಗೆ ಹೊಸ ಶಾಲೆಗೆ ಸೇರುತ್ತಾಳೆ. ಪಬ್ಲಿಕ್ ಪರೀಕ್ಷೆಗೆ ಹೆಸರು ಹೋಗುವುದು ಓದುತ್ತಿರುವ ಶಾಲೆಯಿಂದ. ಪರೀಕ್ಷೆ ಹತ್ತಿರ ಬಂದಾಗ ಶಾಲೆ ಬಿಡುವುದು ಹುಡುಗಾಟ ಅಲ್ಲ. ಅವಳ ಇಡೀ ವರ್ಷವೇ ಹೋಗಬಹುದು. ಅಂದ್ರೆ ಇದು ಬೇರೆ ಸಲದ ಹಾಗಲ್ಲ. ಈ ಸಲ ರೆಗ್ಯುಲೇಟರ್ ಸದ್ದು ಕೇಳಿದಾಗ ಹುಡುಗಿ ಎದ್ದು ಚಾಪೆ ಸುತ್ತುತ್ತಾಳಾ? ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬೇಕು. ನಾನು ಕಾಯುತ್ತಿರುವುದು ಆ ದೃಶ್ಯಕ್ಕೆ.

ಅದು ಸಿಕ್ಕರೆ ಈಗಿನ ಕೊನೆ ತಾನಾಗೇ ಬಿದ್ದುಹೋಗುತ್ತದೆ. ಒಳ್ಳೆಯ ಮೇಷ್ಟ್ರು ಸಿಗುತ್ತಾರೆ, ಮದುವೆ ಆಗುತ್ತದೆ, ತುಂಗೆಯ ದಂಡೆಯಲ್ಲಿ ಮೂವರೂ ನಡೆಯುತ್ತಾರೆ. ಅರವತ್ತು ಪುಟ ಆ ಹೆಂಗಸಿನ ಜೊತೆ ಓಡಾಡಿದ ಮೇಲೆ ನನಗೆ ಇದು ಅವಳಿಗೆ ಮಾಡಿದ ಅನ್ಯಾಯ ಅನ್ನಿಸಿತು. ಅವಳು ನಿಲ್ಲಬೇಕಾದರೆ ಒಬ್ಬ ಗಂಡಸು ಬರಲೇಬೇಕಾ?

ತಿದ್ದಿ ಕಳಿಸಿ. ಅವಸರ ಬೇಡ, ಈ ಸಲದ ಸುಲಿತದ ಸಮಯದಲ್ಲಿ ಎಲ್ಲಾದರೂ ಒಂದು ರಾತ್ರಿ ಆ ಹೆಂಗಸರ ಜೊತೆ ಕೂತು ಬನ್ನಿ, ಆಮೇಲೆ ಬರೆಯಿರಿ. ದೃಶ್ಯಗಳಿಗೆ ನಂಬರ್ ಹಾಕಿ. 17ನೇ ಪುಟದ ಒಂದಕ್ಷರವನ್ನೂ ಮುಟ್ಟಬೇಡಿ.

ನಿಮ್ಮ,
ಸಂಪಾದಕ