ಒಂದು ಸಹಿಗೆ ಇಲ್ಲಿ ಟ್ಯಾಕ್ಸ್ ಇಳಿಯಲ್ಲ ತಮ್ಮಾ

ನೀನು ನನಗಿಂತ ತುಂಬಾ ಚಿಕ್ಕವನು, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನ್ಯೂಜೆರ್ಸಿಗೆ ಬಂದು ಮೂರು ತಿಂಗಳಾಯ್ತು, ಅಧ್ಯಕ್ಷರು ಟಿವಿಯಲ್ಲಿ ಟ್ಯಾಕ್ಸ್ ಇನ್ನೂ ಇಳಿಸುತ್ತೇನೆ ಅಂತಾರೆ, ಅದನ್ನು ನಂಬಿ ಮನೆ ಸಾಲದ ಲೆಕ್ಕ ಹಾಕಬಹುದಾ, ಚಳಿಗೆ ಜಾಕೆಟ್ ಎಲ್ಲಿ ತಗೊಳ್ಳಲಿ ಅಂತ ಕೇಳಿದ್ದೀಯ. ಜಾಕೆಟ್ ಇಲ್ಲೇ ತಗೋ, ಊರಿಂದ ತರಿಸಬೇಡ. ಮನೆ ಈಗಲೇ ಬೇಡ. ಟ್ಯಾಕ್ಸಿನದು ಸ್ವಲ್ಪ ಉದ್ದದ ಕಥೆ.

2005ರ ಜನವರಿಯಲ್ಲಿ ಎಡಿಸನ್‌ಗೆ ಬಂದು ಇಳಿದಾಗ ನನಗೂ ಹಾಗೇ ಅನಿಸಿತ್ತು. ಇಷ್ಟು ದೊಡ್ಡ ದೇಶದ ಅಧ್ಯಕ್ಷ, ಒಂದು ಸಹಿ ಹಾಕಿದರೆ ಆಯ್ತಲ್ವಾ ಅಂತ. ನಾವು ನೋಡಿ ಬೆಳೆದದ್ದೇ ಬೇರೆ. 2025ರ ಫೆಬ್ರವರಿ 1ಕ್ಕೆ ನಿರ್ಮಲಾ ಸೀತಾರಾಮನ್ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂದರು, ಸಂಜೆಯೊಳಗೆ ನನ್ನ ತಂಗಿ ಉಳಿಯೋ ದುಡ್ಡಿಗೆ ಫ್ರಿಜ್ ನೋಡಿಟ್ಟಿದ್ದಳು. ಲೋಕಸಭೆಯಲ್ಲಿ ಬಹುಮತ ಇರೋದೇ ಸರ್ಕಾರಕ್ಕೆ, ವಿಪ್ ಮೀರಿದರೆ ಸಂಸದನ ಸೀಟೇ ಹೋಗುತ್ತೆ.

ಇಲ್ಲಿ ತೆರಿಗೆ ಮಸೂದೆ ಹುಟ್ಟಬೇಕಾದದ್ದು ಕೆಳಮನೆಯಲ್ಲಿ, ಆಮೇಲೆ ಮೇಲ್ಮನೆ ಸೆನೆಟ್, ಕೊನೆಗೆ ಅಧ್ಯಕ್ಷರ ಮೇಜು. ಸೆನೆಟ್‌ನ 100 ಜನರಲ್ಲಿ ಸಾಮಾನ್ಯವಾಗಿ ಚರ್ಚೆ ಮುಗಿಸೋಕೇ 60 ಜನ ಬೇಕು. ರಿಕನ್ಸಿಲಿಯೇಷನ್ ಅನ್ನೋ ಬಜೆಟ್ ದಾರಿ ಹಿಡಿದರೆ ಬರೀ ಬಹುಮತ ಸಾಕು. 2017ರ ತೆರಿಗೆ ಕಾನೂನು, 2025ರದ್ದು, ಎರಡೂ ಹಾಗೇ ಬಂದವು. 2025ರಲ್ಲಂತೂ ಎರಡೂ ಮನೆ ಅಧ್ಯಕ್ಷ ಟ್ರಂಪ್ ಪಕ್ಷದ ಕೈಯಲ್ಲೇ ಇದ್ದರೂ ಸೆನೆಟ್‌ನಲ್ಲಿ 50-50 ಆಗಿ, ಉಪಾಧ್ಯಕ್ಷ ವ್ಯಾನ್ಸ್ ಬಂದು ಮತ ಹಾಕಬೇಕಾಯ್ತು. ಅದಕ್ಕೂ ಮುಂಚೆ ಅಧ್ಯಕ್ಷರಾಗಿದ್ದ ಬೈಡನ್ ಕಂಪನಿಗಳ ತೆರಿಗೆಯನ್ನು 21ರಿಂದ 28 ಪರ್ಸೆಂಟ್‌ಗೆ ಏರಿಸುತ್ತೇನೆ ಅಂದಿದ್ದರು. ತಮ್ಮದೇ ಪಕ್ಷದ ಒಬ್ಬಿಬ್ಬರು ಸೆನೆಟರ್‌ಗಳು ಒಪ್ಪದೆ 21ರಲ್ಲೇ ನಿಂತಿತು. ಒಪ್ಪದವರ ಸೀಟೇನೂ ಹೋಗಲಿಲ್ಲ.

ಇದೆಲ್ಲ ನನ್ನ ತಲೆಗೆ ಹತ್ತಿದ್ದು ಬಂದು 15 ವರ್ಷ ಆದಮೇಲೆ, ಕೋವಿಡ್ ವರ್ಷ. ಸಂಬಳದ ಮೇಲಿನ ತೆರಿಗೆ ಇಳಿಸಿ ಅಂತ ಟ್ರಂಪ್ ಕೇಳಿದ್ದನ್ನು ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಕಿವಿಗೆ ಹಾಕಿಕೊಳ್ಳಲಿಲ್ಲ. 2020ರ ಆಗಸ್ಟ್‌ನಲ್ಲಿ ಅವರೇ ಒಂದು ಆದೇಶಕ್ಕೆ ಸಹಿ ಹಾಕಿದರು. ಎರಡು ವಾರಕ್ಕೆ 4,000 ಡಾಲರ್‌ಗಿಂತ ಕಡಿಮೆ ಸಂಬಳ ಇದ್ದವರಿಗೆ ಸೋಷಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರಿ ಪಿಂಚಣಿಗೆ ಅಂತ ಸಂಬಳದಲ್ಲಿ ಹಿಡಿಯೋ 6.2 ಪರ್ಸೆಂಟ್ ತೆರಿಗೆಯನ್ನು ಸೆಪ್ಟೆಂಬರಿಂದ ಡಿಸೆಂಬರ್‌ವರೆಗೆ ಹಿಡಿಯದೆ ಇರಬಹುದು ಅಂತ. ಎಷ್ಟೋ ಕಂಪನಿಗಳು ಈ ತಂಟೆಯೇ ಬೇಡ ಅಂತ ಸುಮ್ನಿದ್ದವು. ನಾನಿದ್ದ ಸಣ್ಣ ಕಂಪನಿ ಒಪ್ಪಿಕೊಂಡಿತು. ಪೇಸ್ಲಿಪ್‌ನಲ್ಲಿ 198.40 ಇರುತ್ತಿದ್ದ ಜಾಗದಲ್ಲಿ 0.00. ಫೋಟೋ ತೆಗೆದು ಹೆಂಡತಿಗೆ ತೋರಿಸಿದೆ.

ಇದು ಮಾಫಿ ಅಲ್ಲ, ಮುಂದೂಡಿದ್ದು ಅಂತ ಕಂಪನಿಯ ಮೇಲ್‌ನಲ್ಲಿ ಬರೆದೇ ಇತ್ತು. ಮಾಫಿ ಮಾಡೋದು ಕಾಂಗ್ರೆಸ್ ಕೈಯಲ್ಲಿ. ಗೆದ್ದರೆ ಮಾಫಿ ಅಂತ ಅಧ್ಯಕ್ಷರೇ ಹೇಳಿದ್ದಾರಲ್ಲ, ಇನ್ನೇನು ಬೇಕು ಅಂದುಕೊಂಡು ತೀರ್ಥಹಳ್ಳಿಗೆ ಫೋನ್ ಮಾಡಿ, ತೋಟಕ್ಕೆ ಹೊಸ ಮೋಟಾರು, ಪೈಪು ಎಲ್ಲ ಹಾಕಿಸಿ ಅಪ್ಪಾ, ದುಡ್ಡು ನಾನು ಕಳಿಸ್ತೀನಿ ಅಂದುಬಿಟ್ಟೆ. ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದರು. ಮೊದಲ ಕಂತು ಕಳಿಸಿದೆ.

ಅಷ್ಟರಲ್ಲಿ ಟ್ರಂಪ್ ಸೋತರು. ಕಾಂಗ್ರೆಸ್ ಮಾಫಿ ಮಾಡಲಿಲ್ಲ, ಬಾಕಿ ಕಟ್ಟೋ ಗಡುವನ್ನು 2021ರ ಕೊನೆಗೆ ತಳ್ಳಿತು ಅಷ್ಟೇ. ನಮ್ಮ ಕಂಪನಿ ಅಲ್ಲಿವರೆಗೂ ಕಾಯಲಿಲ್ಲ. ಜನವರಿಯಿಂದಲೇ ಪೇಸ್ಲಿಪ್‌ನಲ್ಲಿ ಆ ಸಾಲು ಎರಡೆರಡು ಸಲ, ಹೊಸದೊಂದು, ಹಳೇ ಬಾಕಿಯದೊಂದು. ಹೆಂಡತಿಗೆ ಆಗ ಕೆಲಸ ಇರಲಿಲ್ಲ. ಉಳಿದ ಕಂತು ನಾನು ಕಳಿಸಲೇ ಇಲ್ಲ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಅಂಗಡಿಯವನಿಗೆ ಕೊಟ್ಟರು ಅಂತ ನನಗೆ ಗೊತ್ತಾದದ್ದು ವರ್ಷದ ಮೇಲೆ, ಅಮ್ಮನ ಬಾಯಿಂದ. ಅಪ್ಪ ಇವತ್ತಿಗೂ ಆ ಮಾತು ಎತ್ತಿಲ್ಲ. ಬೈದಿದ್ದರೆ ವಾಸಿ ಇತ್ತು.

ಈ ಭಾನುವಾರ ಬಿಡುವಿದ್ದರೆ ಮೆಸೇಜ್ ಹಾಕಿ ಮನೆಗೆ ಬಾ, ಪೇಸ್ಲಿಪ್ ತಗೊಂಡು ಬಾ. ಯಾವ ಸಾಲು ಏನು ಅಂತ ಕೂತು ನೋಡೋಣ. ನಿನ್ನ ಅತ್ತಿಗೆ ಕಡುಬು ಮಾಡುತ್ತಾಳೆ.