ಮೀನಿಗೆ ಸರಿ, ಈಜಾಟಕ್ಕೆ ಬೇಡ

ನಿಮ್ಮೂರ ಕೆರೆ ‘ಡಿ’ ದರ್ಜೆ ಅಂತ ನೀರಿನ ಪರೀಕ್ಷೆಯ ವರದಿಯಲ್ಲಿದೆ, ಮೀನೂ ಚೆನ್ನಾಗಿವೆ, ಮಕ್ಕಳನ್ನು ಈಜಲು ಬಿಡಬಹುದಾ ಎಂದು ಕೇಳಿದ್ದೀರಿ. ಬೇಡ ಸಾರ್.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ‘ಎ’ಯಿಂದ ‘ಇ’ವರೆಗೆ ದರ್ಜೆ ಮಾಡಿರುವುದು, ಯಾವ ನೀರು ಯಾವ ಕೆಲಸಕ್ಕೆ ಆಗುತ್ತದೆ ಎಂದು ನೋಡಿ. ಸ್ನಾನಕ್ಕೆ ‘ಬಿ’ ಬೇಕು: 100 ಮಿ.ಲೀ. ನೀರಿನಲ್ಲಿ ಕೋಲಿಫಾರ್ಮ್ (ಚರಂಡಿ ನೀರು ಸೇರಿದ್ದರ ಸುಳಿವು ಕೊಡುವ ಬ್ಯಾಕ್ಟೀರಿಯಾ) 500 ದಾಟಬಾರದು, ಲೀಟರಿಗೆ ಬಿಒಡಿ (ನೀರಿನ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) 3 ಮಿ.ಗ್ರಾಂ. ಒಳಗಿರಬೇಕು, ಕರಗಿದ ಆಮ್ಲಜನಕ ಕನಿಷ್ಠ 5 ಮಿ.ಗ್ರಾಂ. ‘ಡಿ’ ಇರುವುದು ಮೀನಿಗೆ, ಕಾಡುಜೀವಿಗಳಿಗೆ. ಅಲ್ಲಿ ಆಮ್ಲಜನಕ 4 ಇದ್ದರೆ ಸಾಕು, ಅಮೋನಿಯಾ 1.2 ಮೀರಬಾರದು. ಕೋಲಿಫಾರ್ಮ್‌ಗೆ ಮಿತಿಯೇ ಇಲ್ಲ! ಚರಂಡಿ ನೀರು ಸೇರುತ್ತಿದ್ದರೂ ಕೆರೆ ‘ಡಿ’ ಅನ್ನಿಸಿಕೊಳ್ಳಬಹುದು. ಮೀನಿಗೇನೂ ಆಗದಿರಬಹುದು, ಮಕ್ಕಳಿಗೆ ವಾಂತಿ ಭೇದಿ ಶುರುವಾಗಬಹುದು.

ಹಾಗೇ, ಸ್ಯಾಂಪಲ್ ತೆಗೆದ ಹೊತ್ತನ್ನೂ ನೋಡಿ. ಪಾಚಿ ಜಾಸ್ತಿ ಇರುವ ಕೆರೆಯಲ್ಲಿ ಬಿಸಿಲು ಹೊತ್ತಿನಲ್ಲಿ ಆಮ್ಲಜನಕ ಏರುತ್ತದೆ. ರಾತ್ರಿ ಪಾಚಿಯೇ ಅದನ್ನು ಉಸಿರಾಡಿ ಖಾಲಿ ಮಾಡುತ್ತದೆ. ಮೀನು ಹೆಚ್ಚಾಗಿ ಬೆಳಗಿನ ಜಾವವೇ ಸತ್ತು ತೇಲುವುದು ಇದಕ್ಕೇ. ಮಧ್ಯಾಹ್ನದ ಅಂಕಿ ನೋಡಿ ಸುಮ್ನೆ ಖುಷಿಪಡಬೇಡಿ.

ವರದಿಯಲ್ಲಿ ಕೋಲಿಫಾರ್ಮ್ ಎಷ್ಟಿದೆ? ಇಲ್ಲಿ ಹಾಕಿ, ನೋಡೋಣ.